ಮಣ್ಣಿಗೆ ಹೋದ ಟ್ರಾಕ್ಟರ್

ಒಂದೇ ಒಂದು ಮಾತಿಗೆ ಆಂಜಿನಪ್ಪನ ಟ್ರಾಕ್ಟರ್ ಪೊಲೀಸ್ ಸ್ಟೇಷನ್ ಸೇರಿತು. ಆಡಿದ್ದು ಸುಳ್ಳಾಗಿದ್ದರೆ ಹಾಳಾಗಿ ಹೋಗಲಿ ಅನ್ನಬಹುದಿತ್ತು. ಅವತ್ತು ಆ ರಸ್ತೆಯಲ್ಲಿ ಸಿಕ್ಕಿಬಿದ್ದ ಮೂರು ಟ್ರಾಕ್ಟರಿನವರಲ್ಲಿ ನಿಜ ಹೇಳಿದವನು ಇವನೊಬ್ಬನೇ. ಉಳಿದಿಬ್ಬರ ಗಾಡಿಗಳು ಹೇಗೋ ಬಿಡುಗಡೆಯಾಗಿ ಮನೆ ಸೇರಿದ ಮೇಲೂ ಇವನದು ಅಲ್ಲೇ ನಿಂತಿತ್ತು. ಲೋಕ ಇರುವುದೇ ಹೀಗೆ, ಏನು ಮಾಡುವುದು.

ಯುಗಾದಿ ಕಳೆದ ಮೇಲಿನ ಗುರುವಾರ ಅದು. ಕಾಮಸಮುದ್ರದ ಆಚೆಯ ತನ್ನ ಹಳ್ಳಿಯಿಂದ ಟ್ರೈಲರ್ ತುಂಬ ಕೆಂಪು ಮಣ್ಣು ಹೇರಿಕೊಂಡು ಆಂಜಿನಪ್ಪ ಕೆಜಿಎಫ್ ಕಡೆಗೆ ಹೊರಟಿದ್ದ. ಬೆಳಗಿನ ಜಾವ ಅಲ್ಲಿಯ ಹಳೇ ಗಣಿ ಕಾಲೊನಿ ಕೋರಮಂಡಲ್ಲಿನಿಂದ ಫೋನ್ ಬಂದಿತ್ತು. ಮುನಿಸ್ವಾಮಪ್ಪ ತೀರಿಕೊಂಡಿದ್ದ.

ಮುನಿಸ್ವಾಮಪ್ಪ ಹುಟ್ಟಿದ್ದು ಆಂಜಿನಪ್ಪನ ಊರಿನಲ್ಲೇ. ಹದಿನೆಂಟಕ್ಕೆ ಮೈನ್ಸಿಗೆ ಸೇರಿ, ಮೂವತ್ತೆರಡು ವರ್ಷ ಭೂಮಿಯೊಳಗೆ ಕೆಲಸ ಮಾಡಿ, ಗಣಿ ಮುಚ್ಚಿದ ಮೇಲೆ ಕೋರಮಂಡಲ್ಲಿನ ಕ್ವಾರ್ಟರ್ಸಿನಲ್ಲೇ ಹೆಂಡತಿ ಅಮ್ಮಾಜಮ್ಮನ ಜೊತೆ ಉಳಿದುಬಿಟ್ಟಿದ್ದ. ಇಬ್ಬರೂ ಆಂಜಿನಪ್ಪನಿಗೆ ನೆಂಟರಲ್ಲ, ಸಂಬಂಧಿಕರಲ್ಲ. ಆದರೂ ಮೂವತ್ತೈದು ವರ್ಷದಿಂದ ಅವನು ಉಸಿರಾಡುತ್ತಿದ್ದದ್ದು ಆ ಮನುಷ್ಯ ಕೊಟ್ಟ ಉಸಿರು.

ಆಗ ಆಂಜಿನಪ್ಪನಿಗೆ ಹತ್ತೊಂಬತ್ತು. ಊರಾಚೆಯ ಹೊಲದಲ್ಲಿ ಬಾವಿ ತೋಡುತ್ತಿದ್ದಾಗ ಒಂದು ಬದಿ ಕುಸಿದು ತಲೆಯ ಮೇಲೆ ಬಿತ್ತು. ಮೇಲಿದ್ದವರೆಲ್ಲ ಬಾಯಿ ಬಡಿದುಕೊಂಡರೇ ಹೊರತು ಒಬ್ಬನೂ ಇಳಿಯಲಿಲ್ಲ, ಮಣ್ಣು ಇನ್ನೂ ಉದುರುತ್ತಲೇ ಇತ್ತು. ಭಾನುವಾರದ ರಜಕ್ಕೆ ಊರಿಗೆ ಬಂದಿದ್ದ ಮುನಿಸ್ವಾಮಪ್ಪ ಮುದ್ದೆ ಮುರಿಯುತ್ತಿದ್ದವನು ಎಂಜಲು ಕೈಯಲ್ಲೇ ಓಡಿಬಂದ. ಬಾವಿಯ ಗೋಡೆಯನ್ನು ಒಂದು ಸಲ ತಟ್ಟಿ ನೋಡಿದ. ಎರಡು ತೆಂಗಿನ ದಿಮ್ಮಿ ಅಡ್ಡ ಕೊಡಿಸಿ ಹಗ್ಗ ಹಿಡಿದು ಇಳಿದ. ಸನಿಕೆ ಮುಟ್ಟಲಿಲ್ಲ, ಹುಡುಗನಿಗೆ ತಗುಲೀತು ಅಂತ ಬರಿಗೈಯಲ್ಲೇ ಮಣ್ಣು ಬಗೆದ. ಮೊದಲು ಮುಖ ಸಿಕ್ಕಿತು. ಬಾಯಿಗೆ ಬೆರಳು ಹಾಕಿ ಒಳಗಿನ ಮಣ್ಣನ್ನು ತೆಗೆದು, “ಉಗಿ, ಲೇ, ಉಗಿ. ಇಷ್ಟು ಬೇಗ ತಿನ್ಬಾರ್ದು ಕಣ್ಲಾ ಇದನ್ನ” ಅಂದ. ಆಂಜಿನಪ್ಪ ಲೋಕಕ್ಕೆ ಎರಡನೇ ಸಲ ಬಂದಾಗ ಕೇಳಿದ ಮೊದಲ ಮಾತು ಅದು.

ಅಲ್ಲಿಂದಾಚೆಗೆ ಮುನಿಸ್ವಾಮಪ್ಪ ಯಾವಾಗ ಸಿಕ್ಕಿದರೂ ಒಂದೇ ರಾಗ. “ನಿನ್ ಮೇಲಿನ ಮಣ್ಣು ನಾನ್ ತೆಗ್ದಿವ್ನಿ. ನನ್ ಮೇಲೆ ನೀನಾಕ್ಬೇಕು, ಮರೀಬ್ಯಾಡ. ಅದೂ ಊರ ಮಣ್ಣು. ಮೈನ್ಸಿನೋರು ಸುರ್ದಿರೋ ಈ ಸೈನೈಡ್ ದೂಳು ಎದೆಯೊಳಗೆ ತುಂಬ್ಕಂಡಿರೋದೇ ಸಾಕು, ಮೇಲೂ ಅದೇ ಬ್ಯಾಡ.” ಹೇಳಿ ನಗುತ್ತಿದ್ದ. ಈ ಒಂದು ವರ್ಷದಿಂದ ಉಸಿರು ಮೇಲೆ ಕೆಳಗೆ ಆಗಲು ಶುರುವಾದ ಮೇಲೆ ನಗುವುದನ್ನು ಬಿಟ್ಟಿದ್ದ. ಸಂಕ್ರಾಂತಿಗೆ ನೋಡಲು ಹೋದಾಗ ಆಂಜಿನಪ್ಪನ ಕೈ ಹಿಡಿದುಕೊಂಡು ಅದೇ ಮಾತನ್ನು ಮತ್ತೆ ಹೇಳಿದ. “ಆಕ್ತೀನಿ ಬಿಡಣ್ಣ” ಅಂತ ಆಂಜಿನಪ್ಪ ಮಾತು ಕೊಟ್ಟು ಬಂದ.

ಹಾಗಾಗಿ ಫೋನ್ ಬಂದ ತಕ್ಷಣ ಹೆಂಡತಿ ಕಲಾಳನ್ನು ಕರೆದುಕೊಂಡು ಹೊಲಕ್ಕೆ ಹೋದ. ಆ ಹಳೆಯ ಬಾವಿ ಮುಚ್ಚಿಹೋಗಿತ್ತು, ಅದರ ಪಕ್ಕದ ತನ್ನ ಜಮೀನಿನಲ್ಲೇ ಅಗೆದ. ಕಾಲು ಟ್ರೈಲರ್ ತುಂಬುವಷ್ಟರಲ್ಲಿ ಕಲಾಳಿಗೆ ಸುಸ್ತಾಯಿತು.

“ಒಂದು ಪುಟ್ಟಿ ಸಾಲ್ದಾ? ಬಸ್ಸಲ್ಲೇ ತಗಂಡೋಗ್ಬೋದು.”

“ಅವ್ನು ನನ್ ಮೇಲಿಂದ ಒಂದ್ ಪುಟ್ಟಿ ತೆಗ್ದಿದ್ನಾ?” ಅಂದ ಆಂಜಿನಪ್ಪ. ಕಲಾ ಬಾಂಡ್ಲಿ ಎತ್ತಿದಳು.

ಕೆಜಿಎಫ್ ರಸ್ತೆಯಲ್ಲಿ ತಪಾಸಣೆ ನಡೆಯುತ್ತಿತ್ತು. ಮುಂದೆ ಎರಡು ಮರಳಿನ ಟ್ರಾಕ್ಟರ್ ನಿಂತಿದ್ದವು, ಎರಡಕ್ಕೂ ಪರ್ಮಿಟ್ ಇರಲಿಲ್ಲ. ಮೊದಲನೆಯವನು ಎದೆ ಬಡಿದುಕೊಂಡು ಅಳುತ್ತಿದ್ದ. ಮನೆಯಲ್ಲಿ ಸಾವಾಗಿದೆ, ಸಮಾಧಿ ಕಟ್ಟುವುದಕ್ಕೆ ಮರಳು ಅನ್ನುತ್ತಿದ್ದ. ಯಾರು ಸತ್ತರು ಅಂದರೆ ಅಜ್ಜಿ ಅಂದ, ಎರಡು ನಿಮಿಷ ಬಿಟ್ಟು ಕೇಳಿದರೆ ಅತ್ತೆ ಅಂದ. ತಪಾಸಣೆಯ ಸಾಹೇಬರ ಪಿತ್ತ ಅಷ್ಟು ಹೊತ್ತಿಗಾಗಲೇ ನೆತ್ತಿಗೇರಿತ್ತು. ನಮ್ಮ ಆಂಜಿನಪ್ಪ ಮುಂದೆ ಬಂದದ್ದು ಅಂಥ ಗಳಿಗೆಯಲ್ಲಿ.

“ಎಲ್ಲಿಗೆ?”

“ಮಣ್ಣಿಗೆ, ಸಾ.”

“ಗಾಡೀಲಿ ಏನಿದೆ?”

“ಮಣ್ಣು, ಸಾ.”

ಸಾಹೇಬರು ಕನ್ನಡಕ ತೆಗೆದು ಇವನನ್ನು ನೋಡಿದರು. “ಮಣ್ಣು ತುಂಬಿಕೊಂಡು ಮಣ್ಣಿಗೆ ಹೋಗ್ತಿದ್ದೀಯ?”

“ಊ ಸಾ. ಕೋರಮಂಡಲ್‌ಗೆ.”

“ಎಲ್ಲರೂ ಅಲ್ಲಿಂದ ಮಣ್ಣು ಕದ್ಕೊಂಡು ಬರ್ತಾರೆ, ಚಿನ್ನ ಸಿಗುತ್ತೆ ಅಂತ. ನೀನು ಅಲ್ಲಿಗೆ ತಗೊಂಡು ಹೋಗ್ತಿದ್ದೀಯ. ನಾನು ನಿನ್ ಕಣ್ಣಿಗೆ ಹೇಗೆ ಕಾಣ್ತಿದ್ದೀನಯ್ಯ?”

“ನಮ್ಮ ಮುನಿಸ್ವಾಮಣ್ಣ ತೀರ್ಕಂಡವ್ರೆ ಸಾ, ಅವ್ರಿಗೆ…”

“ಮುಂದಿನವನ ಮನೇಲೂ ತೀರ್ಕೊಂಡಿದ್ದಾರೆ. ಇವತ್ತು ಈ ರಸ್ತೆ ತುಂಬ ಹೆಣವೇ.”

ಮುಗಿಯಿತು. ಕೀಲಿ ಕಿತ್ತುಕೊಂಡರು, ಮೊಬೈಲು ಈಸಿಕೊಂಡರು. ಸ್ಟೇಷನ್ನಿನಲ್ಲಿ ಹೇಳಿಕೆ ಬರೆದುಕೊಂಡವನು ಓದಿಕೊಂಡ ಹುಡುಗ, ಹಳ್ಳಿಯವನ ಮಾತನ್ನು ಹಳ್ಳಿಯ ಮಾತಿನಲ್ಲೇ ಬರೆದರೆ ಏನು ಚೆಂದ ಅಂತ ಅದಕ್ಕೆ ಪ್ಯಾಂಟು ಷರ್ಟು ತೊಡಿಸಿದ. ಹೆಣ ಹೂಳುವುದಕ್ಕೆ ಹೋಗುವುದನ್ನು ಊರ ಕಡೆ ಅನ್ನುವ ಹಾಗೆ ‘ಮಣ್ಣಿಗೆ ಹೋಗ್ತಾ ಇದ್ದೆ’ ಅಂದದ್ದು ‘ಮಣ್ಣು ಸಾಗಾಣಿಕೆಗೆ ಹೋಗುತ್ತಿದ್ದುದಾಗಿ ಒಪ್ಪಿಕೊಂಡಿರುತ್ತಾನೆ’ ಅಂತಾಯಿತು. ಏಳನೇ ಕ್ಲಾಸು ಓದಿದ್ದ ಆಂಜಿನಪ್ಪ ಕಾಗದದ ಮೇಲೆ ಕಣ್ಣಾಡಿಸಿದ. ಮಣ್ಣು ಅಂತ ಇದೆ, ಹೋಗುತ್ತಿದ್ದು ಅಂತಲೂ ಇದೆ. ನಡುವೆ ಒಂದಷ್ಟು ಸರ್ಕಾರಿ ಮಾತು. ಕಚೇರಿ ಬರವಣಿಗೆ ಅಂದರೆ ಹಾಗೇ ಇರಬೇಕು ಅಂದುಕೊಂಡು ತುಂಬು ಅಕ್ಷರದಲ್ಲಿ ಸೈನ್ ಹಾಕಿದ.

ಅವನನ್ನು ಮನೆಗೆ ಬಿಟ್ಟಾಗ ಹೊತ್ತು ಮುಳುಗುತ್ತಿತ್ತು. ಕೋರಮಂಡಲ್ಲಿನಲ್ಲಿ ನಾಲ್ಕು ಗಂಟೆಯವರೆಗೂ ಹೆಣ ಇಟ್ಟುಕೊಂಡು ಕಾದಿದ್ದರು. ಫೋನ್ ಮಾಡಿ ಮಾಡಿ ಸಾಕಾಗಿ, ಬೇಸಿಗೆ ಬಿಸಿಲಿಗೆ ಇನ್ನು ಇಡುವುದಕ್ಕಾಗದು ಅಂತ ಅವನು ಬೇಡ ಅಂದಿದ್ದ ಅಲ್ಲಿಯ ಬಿಳಿ ದೂಳುಮಣ್ಣನ್ನೇ ಹಾಕಿ ಮುಚ್ಚಿದ್ದರು.

ಇದು ತಿಳಿದ ಮೇಲೆ ಆಂಜಿನಪ್ಪ ಆ ಕಡೆಗೆ ಕಾಲಿಡಲಿಲ್ಲ. ಮೂರನೇ ದಿನದ ಹಾಲು ತುಪ್ಪಕ್ಕೂ ಹೋಗಲಿಲ್ಲ, ಹನ್ನೊಂದನೇ ದಿನಕ್ಕೂ ಹೋಗಲಿಲ್ಲ. ಕಲಾ ಒಬ್ಬಳೇ ಹೋಗಿ ಬಂದಳು. “ಅಮ್ಮಾಜಕ್ಕ ನಿನ್ನೇ ಕೇಳ್ತಾ ಇದ್ರು” ಅಂದಳು. “ಬೈದ್ರಾ?” ಅಂತ ಕೇಳಿದ. “ಕೇಳಿದ್ರು ಅಷ್ಟೆ” ಅಂದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಅನಿಸಿತು ಅವನಿಗೆ. ಯಾವ ಮುಖ ಇಟ್ಟುಕೊಂಡು ಹೋಗುವುದು? ಆ ಮಣ್ಣನ್ನು ಟ್ರೈಲರಿನಲ್ಲಿ ಹಾಗೇ ತೆಗೆದುಕೊಂಡು ಹೋಗಿ ಸುರಿಯುವವರೆಗೂ ಅವರ ಬಾಗಿಲಲ್ಲಿ ನಿಲ್ಲಬಾರದು ಅಂತ ಮನಸ್ಸಿನಲ್ಲೇ ಗಂಟು ಹಾಕಿಕೊಂಡ. ಟ್ರಾಕ್ಟರ್ ಬೇಕಿತ್ತು, ಅದಿಲ್ಲದೆ ಮನೆ ನಡೆಯುವುದಿಲ್ಲ. ಆದರೆ ಅವನಿಗೆ ನಿದ್ದೆ ಕೆಡಿಸುತ್ತಿದ್ದದ್ದು ಅದರೊಳಗಿದ್ದ ಮಣ್ಣು.

ಕೆಜಿಎಫ್ ಕೋರ್ಟಿನ ಹತ್ತಿರ ರಾಧ ಅಂತ ಒಬ್ಬ ಲಾಯರ್ ಹುಡುಗಿ ಸಿಕ್ಕಳು. ಮನೆಯಲ್ಲಿ ತಮಿಳು, ಕೋರ್ಟಿನಲ್ಲಿ ಕನ್ನಡ, ಸಿಟ್ಟು ಬಂದರೆ ತೆಲುಗು. ಗಾಡಿ ಬಿಡಿಸಿಕೊಡಿ ಅಂತ ಅರ್ಜಿ ಹಾಕಿದಳು. ಟ್ರಾಕ್ಟರ್ ಬಿಸಿಲು ಮಳೆಗೆ ನಿಂತು ತುಕ್ಕು ಹಿಡಿದರೆ ಸರ್ಕಾರಕ್ಕೂ ಲಾಭವಿಲ್ಲ, ನನ್ನ ಕಕ್ಷಿದಾರನಿಗೂ ಲಾಭವಿಲ್ಲ ಅಂತ ಅದರಲ್ಲಿ ಬರೆದಿದ್ದಳು. ಮಣ್ಣಿನ ಪರೀಕ್ಷೆಯ ರಿಪೋರ್ಟ್ ಬಂದಿಲ್ಲ ಅಂತ ಒಂದು ವಾಯಿದೆ, ತಕರಾರು ಹಾಕಬೇಕು ಅಂತ ಇನ್ನೊಂದು ವಾಯಿದೆ. ಹೀಗೇ ಒಂದೂವರೆ ತಿಂಗಳು ಉರುಳಿತು.

ಪ್ರತಿ ವಾಯಿದೆಗೂ ಬಂದಾಗ ಆಂಜಿನಪ್ಪ ಸ್ಟೇಷನ್ನಿನ ಕಾಂಪೌಂಡಿನಾಚೆ ನಿಂತು ಟ್ರಾಕ್ಟರನ್ನು ನೋಡಿ ಹೋಗುತ್ತಿದ್ದ. ಹಿಡಿದ ಗಾಡಿಗಳ ಗತಿ ಅವನಿಗೆ ಗೊತ್ತಿಲ್ಲದ್ದೇನಲ್ಲ. ಮೊದಲು ಬ್ಯಾಟರಿ ಹೋಗುತ್ತದೆ, ಆಮೇಲೆ ಟೈರು. ಎರಡನೇ ಸಲ ಬಂದಾಗ ನೋಡುತ್ತಾನೆ, ಬ್ಯಾಟರಿ ಇಲ್ಲ. ಅಷ್ಟರಲ್ಲಿ ಒಳಗಿನಿಂದ ಹೆಡ್ ಕಾನ್‌ಸ್ಟೇಬಲ್ ಕಾಂತರಾಜ್ ಬಂದ. ರಿಟೈರ್ ಆಗಲು ಇನ್ನೆರಡು ವರ್ಷ ಉಳಿದಿದ್ದ ಮನುಷ್ಯ.

“ಬ್ಯಾಟ್ರಿ ಒಳಗೈತೆ ಕಣಯ್ಯ, ನನ್ ಬೆಂಚ್ ಕೆಳಗೆ. ಬಿಟ್ರೆ ಇಲ್ಲೇ ಮಾಯ ಆಗ್ತದೆ, ಅದಕ್ಕೆ ಬಿಚ್ಚಿಟ್ಟಿವ್ನಿ. ಮುಖ ಯಾಕಂಗೆ ಮಾಡ್ಕಂತೀಯ?”

ಆಂಜಿನಪ್ಪ ಕೈ ಮುಗಿದ. ಆಗಲೇ ಅವನ ಕಣ್ಣು ಟ್ರೈಲರಿನ ಮೇಲೆ ಬಿತ್ತು. ಮಣ್ಣಿನ ಮೇಲೆ ಹಸಿರು ಮಿಣುಕುತ್ತಿತ್ತು.

“ಅದಾ,” ಅಂದ ಕಾಂತರಾಜ್, ಸ್ವಲ್ಪ ನಾಚಿಕೊಂಡು. “ಒಳ್ಳೆ ಮಣ್ಣಯ್ಯ ನಿಂದು. ಸುಮ್ಮನೆ ಬಿದ್ದಿತ್ತು. ಸಾಲು ಎಳ್ದು ಒಂದ್ ಹಿಡಿ ಕೊತ್ತಂಬ್ರಿ ಬೀಜ ಬಿಟ್ಟೆ.”

ರೈತರ ಮನೆಯಲ್ಲಿ ಹುಟ್ಟಿ ಖಾಕಿ ತೊಟ್ಟವರ ಹಣೆಬರಹವೇ ಅಷ್ಟು, ಖಾಲಿ ಮಣ್ಣು ಕಂಡರೆ ಕೈ ಸುಮ್ಮನಿರದು. ಬೇರೆಯವನಾಗಿದ್ದರೆ ಸಿಟ್ಟಾಗುತ್ತಿದ್ದನೋ ಏನೋ. ಆಂಜಿನಪ್ಪನಿಗೆ ಮಾತ್ರ ಹೊಟ್ಟೆ ತಣ್ಣಗಾಯಿತು. ಕಾಂಪೌಂಡಿನಲ್ಲಿದ್ದ ಬೇರೆ ಟ್ರೈಲರುಗಳೆಲ್ಲ ಟೀ ಲೋಟ, ಗುಟ್ಕಾ ಚೀಟಿ ತುಂಬಿ ತಿಪ್ಪೆಯಾಗಿದ್ದವು. ಪೊಲೀಸಿನವರ ಕೊತ್ತಂಬರಿ ಇದ್ದದ್ದರಿಂದ ಮುನಿಸ್ವಾಮಪ್ಪನ ಮಣ್ಣಿನ ಮೇಲೆ ಒಬ್ಬನೂ ಉಗಿದಿರಲಿಲ್ಲ.

ಕೊನೆಗೆ ಒಂದು ಸೋಮವಾರ ಆದೇಶವಾಯಿತು. ಟ್ರಾಕ್ಟರ್ ಮತ್ತು ಟ್ರೈಲರನ್ನು ಬಾಂಡ್ ಬರೆಸಿಕೊಂಡು, ಜಮೀನಿರುವ ಒಬ್ಬರ ಜಾಮೀನು ಪಡೆದು ಮಾಲೀಕನಿಗೆ ಬಿಡುವುದು. ಮಾರಬಾರದು, ಬಣ್ಣ ಬದಲಿಸಬಾರದು, ಕೇಸು ನಡೆಯುವಾಗ ಕರೆದರೆ ತರಬೇಕು. ನಾಲ್ಕೂ ಕಡೆಯಿಂದ ಫೋಟೊ ತೆಗೆದು ಕೋರ್ಟಿಗೆ ಕೊಡಬೇಕು. ಮಣ್ಣನ್ನು ಸ್ಟೇಷನ್ನಿನಲ್ಲೇ ಇಳಿಸಿಕೊಳ್ಳಬೇಕು.

ರಾಧ ಹೊರಗೆ ಬಂದು ಖುಷಿಯಿಂದ ಟೀ ಹೇಳಿದಳು. ಆಂಜಿನಪ್ಪ ಟೀ ಮುಟ್ಟಲಿಲ್ಲ.

“ಮಣ್ಣು ಕೊಡಲ್ವಾ ಮೇಡಂ?”

“ಟ್ರಾಕ್ಟರ್ ಸಿಕ್ತಲ್ಲ ಅಣ್ಣ. ಮಣ್ಣು ನಿಮ್ಮೂರಲ್ಲಿ ಬೇಕಾದಷ್ಟಿದೆಯಲ್ಲ, ಇನ್ನೊಂದು ಲೋಡ್ ತಗೊಂಡ್ರಾಯ್ತು.”

“ಆ ಮಣ್ಣು ಅವತ್ತೇ ಅವ್ನಿಗೆ ಅಂತ ತುಂಬಿದ್ದು. ಇನ್ನೊಂದು ತುಂಬಿದ್ರೆ ಅದು ಬೇರೆ ಆಯ್ತದೆ.”

ಹಾಗೆ ಶುರು ಮಾಡಿ ಬಾವಿಯ ಕತೆಯನ್ನೆಲ್ಲ ಹೇಳಿದ. ರಾಧಳ ತಾತನೂ ಮೈನ್ಸಿನಲ್ಲಿದ್ದವನೇ. ಲೋಟ ಕೈಯಲ್ಲೇ ಹಿಡಿದುಕೊಂಡು ಕೇಳಿದಳು.

“ಇದನ್ನ ಮೊದಲೇ ಯಾಕೆ ಹೇಳ್ಲಿಲ್ಲ ನೀವು?”

“ನೀವೆಲ್ಲಿ ಕೇಳಿದ್ರಿ ಮೇಡಂ. ಆರ್ಸಿ ಕೇಳಿದ್ರಿ, ಇನ್ಸೂರೆನ್ಸ್ ಕೇಳಿದ್ರಿ, ತಂದ್ಕೊಟ್ಟೆ.”

ರಾಧ ಹಣೆ ಚಚ್ಚಿಕೊಂಡಳು. ಮಣ್ಣಿನ ಮಾತು ಆಮೇಲೆ ನೋಡೋಣ, ಮೊದಲು ಜಾಮೀನಿಗೆ ಜನ ಹುಡುಕಿ, ಗುರುವಾರ ಕರ್ಕೊಂಡು ಬನ್ನಿ ಅಂದಳು.

ಜಾಮೀನು ಅಂದ ಕೂಡಲೆ ಊರಿನ ಜನಕ್ಕೆಲ್ಲ ಕೆಲಸ ಬಂತು. ಕೋರ್ಟಿಗೆ ಸೈನ್ ಹಾಕಿದರೆ ಪಹಣಿಯಲ್ಲಿ ಏನೋ ಎಂಟ್ರಿ ಬೀಳುತ್ತದಂತೆ, ಆಮೇಲೆ ಜಮೀನು ನಮ್ಮದಲ್ಲವಂತೆ ಅಂತ ಯಾರೋ ಹಬ್ಬಿಸಿದ್ದರು. ಬಂಗಾರಪೇಟೆಯಲ್ಲಿದ್ದ ಕಲಾಳ ತಮ್ಮ ವೆಂಕಿ, ಭಾವನಿಗೋಸ್ಕರ ಪ್ರಾಣ ಕೊಡುತ್ತೇನೆ ಅನ್ನುತ್ತಿದ್ದವನು, “ಪ್ರಾಣ ಕೇಳು ಭಾವ, ಪಾಣಿ ಮಾತ್ರ ನಮ್ಮಪ್ಪನ ಹೆಸ್ರಲ್ಲೇ ಐತೆ” ಅಂತ ಜಾರಿಕೊಂಡ. ಬುಧವಾರ ರಾತ್ರಿ ಆಂಜಿನಪ್ಪ ಊಟ ಮಾಡದೆ ಮಲಗಿದ. ಕಲಾ ಅವನಿಗೆ ಗೊತ್ತಾಗದ ಹಾಗೆ ಹಿತ್ತಲಿಗೆ ಹೋಗಿ ಯಾರಿಗೋ ಫೋನ್ ಮಾಡಿದಳು.

ಗುರುವಾರ ಹತ್ತೂವರೆಗೆ ಆಂಜಿನಪ್ಪ ಕೋರ್ಟಿನ ಮೆಟ್ಟಿಲ ಹತ್ತಿರ ಒಬ್ಬನೇ ನಿಂತಿದ್ದ. ಗೇಟಿನ ಕಡೆಯಿಂದ ಬಿಳಿ ತಲೆಯ ಮುದುಕಿಯೊಬ್ಬಳು ಬ್ಯಾಗನ್ನು ಕಂಕುಳಲ್ಲಿ ಒತ್ತಿಕೊಂಡು ನಿಧಾನವಾಗಿ ಬರುತ್ತಿದ್ದಳು. ಹಣೆ ಖಾಲಿ ಇದ್ದದ್ದರಿಂದ ಮೊದಲು ಗುರುತು ಸಿಗಲಿಲ್ಲ. ಗುರುತು ಸಿಕ್ಕಿದ ಮೇಲೆ ಓಡಿಹೋಗೋಣ ಅನಿಸಿತು. ಅಮ್ಮಾಜಮ್ಮ.

“ಯಾಕ್ಲಾ, ನಾನೂ ಅವ್ರ ಜೊತೆಗೇ ಓಗ್ಬಿಟ್ಟೆ ಅಂದ್ಕಂಡ್ಯಾ? ಮನೆ ಕಡೆ ತಲೆ ಆಕ್ದೆ ಐವತ್ ದಿನ ಆಯ್ತು.”

“ಅಕ್ಕ, ಮಣ್ಣು ತರಕ್ಕಾಗ್ಲಿಲ್ಲ…” ಅಂದ ಆಂಜಿನಪ್ಪ. ಐವತ್ತನಾಲ್ಕು ವರ್ಷದ ಗಂಡಸು ಕೋರ್ಟಿನ ಮುಂದೆ ಮಗುವಿನ ಹಾಗೆ ಅತ್ತುಬಿಟ್ಟ.

“ಸಾಕ್ ಬಿಡು ಕಣ್ಣು,” ಅಂದಳು ಅಮ್ಮಾಜಮ್ಮ. ಕೋರಮಂಡಲ್ಲಿನಲ್ಲಿ ಐವತ್ತು ವರ್ಷ ಇದ್ದವಳು, ಮುದ್ದಿಸುವುದೆಲ್ಲ ತಮಿಳಿನಲ್ಲೇ. “ಅವ್ರು ಸಾಯೋ ರಾತ್ರೀನೂ ಆಂಜಿನಿ ಬತ್ತಾನೆ ಅಂತಾನೇ ಇದ್ರು. ನೀನು ಬಂದಿದ್ದೀಯ, ಈ ಪೊಲೀಸ್ನೋರು ದಾರೀಲಿ ತಡೆದವ್ರೆ. ಅದ್ರಲ್ಲಿ ನಿಂದೇನ್ ತಪ್ಪು? ಮೂರು ಟ್ರಾಕ್ಟ್ರು ಮಣ್ಣು ನೆನೆಯೋಷ್ಟು ಅತ್ತಿವ್ನಿ ನಾನು. ಈಗ ನನ್ನೂ ಅಳಿಸ್ಬ್ಯಾಡ.”

ಬ್ಯಾಗಿನಿಂದ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಕಾಗದ ತೆಗೆದಳು. ಪಹಣಿ. ಬೇತಮಂಗಲದ ಕಡೆ ಅವಳ ತವರಿನಲ್ಲಿ ಮದುವೆಯ ಕಾಲಕ್ಕೆ ಅಪ್ಪ ಅರಿಶಿನ ಕುಂಕುಮಕ್ಕೆ ಅಂತ ಅವಳ ಹೆಸರಿಗೆ ಮಾಡಿದ್ದ ಇಪ್ಪತ್ತು ಗುಂಟೆ. ಐವತ್ತು ವರ್ಷದಿಂದ ಅಣ್ಣ ತಮ್ಮಂದಿರೇ ಉಳುತ್ತಿದ್ದರು, ಅವಳು ಒಂದು ದಿನ ನನ್ನದು ಅಂದವಳಲ್ಲ. ಹಿಂದಿನ ರಾತ್ರಿ ಕಲಾ ಫೋನ್ ಮಾಡಿದ ಮೇಲೆ, ಬೆಳಗ್ಗೆ ಮೊದಲ ಬಸ್ಸಿಗೆ ಹೋಗಿ ಪಹಣಿ ತೆಗೆಸಿಕೊಂಡು ಬಂದಿದ್ದಳು.

“ಅರಿಸಿನ ಕುಂಕುಮಕ್ಕೆ ಅಂತ ಕೊಟ್ಟಿದ್ದು. ಇನ್ನದು ನಂಕ್ಯಾಕೆ? ಈ ಕೆಲ್ಸಕ್ಕಾದ್ರೂ ಬರ್ಲಿ.”

ಆಂಜಿನಪ್ಪ ಬಗ್ಗಿ ಅವಳ ಕಾಲು ಮುಟ್ಟಿದ. ಜನ ನೋಡುತ್ತಿದ್ದರೂ ಅವನಿಗೆ ನಾಚಿಕೆಯಾಗಲಿಲ್ಲ.

ಒಳಗೆ ಹೋಗುವ ಮುಂಚೆ ರಾಧ ಪಾಠ ಹೇಳಿಕೊಟ್ಟಳು. “ಅಮ್ಮ, ಜಡ್ಜ್ ಮೇಡಂ ಇವ್ರು ನಿಮಗೆ ಏನಾಗಬೇಕು ಅಂತ ಕೇಳ್ತಾರೆ. ಪರಿಚಯದವರು ಅನ್ನಿ, ಸಾಕು. ಜಾಸ್ತಿ ಏನೂ ಬೇಡ.” ಅಮ್ಮಾಜಮ್ಮ ತಲೆಯಾಡಿಸಿದಳು. ಪರಿಚಯದವರು, ಪರಿಚಯದವರು ಅಂತ ಎರಡು ಸಲ ಬಾಯಿಪಾಠವನ್ನೂ ಮಾಡಿದಳು.

ಕಟಕಟೆಯಲ್ಲಿ ನಿಂತು ಹೆಸರು, ಊರು ಎಲ್ಲ ಸರಿಯಾಗೇ ಹೇಳಿದಳು. ಜಡ್ಜ್ ಪಹಣಿ ನೋಡಿ ತಲೆಯೆತ್ತಿದರು.

“ಆಂಜಿನಪ್ಪ ಅನ್ನೋರು ನಿಮಗೆ ಏನಾಗಬೇಕು?”

ಅಮ್ಮಾಜಮ್ಮ ಆಂಜಿನಪ್ಪನ ಕಡೆ ಒಂದು ಸಲ ನೋಡಿದಳು. ಪಾಠ ಮರೆತೇ ಹೋಯಿತೋ, ಬೇಕಂತಲೇ ಬಿಟ್ಟಳೋ, ಆ ದೇವರಿಗೇ ಗೊತ್ತು.

“ನಮ್ಮ ಯಜಮಾನ್ರ ಮಣ್ಣಿಗೆ ಬತ್ತಾ ಇದ್ದೋನು ತಾಯಿ. ಇನ್ನೂ ಬಂದಿಲ್ಲ.”

ಟೈಪ್ ಮಾಡುತ್ತಿದ್ದವನ ಕೈ ನಿಂತಿತು. ಜಡ್ಜ್ ಕೇಸಿನ ಫೈಲನ್ನು ಹತ್ತಿರ ಎಳೆದುಕೊಂಡು ಹಿಂದಿನ ಹಾಳೆಗಳನ್ನು ತಿರುವಿದರು. ಹೇಳಿಕೆಯ ಹಾಳೆ ಸಿಕ್ಕಿತು. ಅದನ್ನು ಒಂದು ಸಲ ಓದಿದರು, ಮತ್ತೆ ಓದಿದರು.

“ಅವತ್ತು ನೀವು ಏನಂದ್ರಿ?” ಅಂತ ಆಂಜಿನಪ್ಪನನ್ನು ಕೇಳಿದರು. “ನೀವು ಆಡಿದ ಮಾತನ್ನೇ ಹೇಳಿ.”

“ಎಲ್ಲಿಗೆ ಅಂದ್ರು ತಾಯಿ. ಮಣ್ಣಿಗೆ ಅಂದೆ.”

“ನಮ್ಮೂರಲ್ಲೂ ಅದನ್ನೇ ಅಂತಾರೆ,” ಅಂದರು ಜಡ್ಜ್, ಯಾರಿಗೂ ಅಲ್ಲ ಅನ್ನುವ ಹಾಗೆ.

ರಾಧಳಿಗೆ ಎದ್ದು ನಿಲ್ಲಲು ಅಷ್ಟೇ ಸಾಕಾಗಿತ್ತು. ಬಾವಿಯಿಂದ ಹಿಡಿದು ಸೈನೈಡ್ ದೂಳಿನವರೆಗೆ ಐದು ನಿಮಿಷದಲ್ಲಿ ಹೇಳಿ ಮುಗಿಸಿದಳು. ಸರ್ಕಾರಿ ವಕೀಲರು ಎದ್ದು, ಏನೇ ಇದ್ದರೂ ಖನಿಜವನ್ನು ಪರ್ಮಿಟ್ ಇಲ್ಲದೆ ಸಾಗಿಸಿದ್ದು ತಪ್ಪೇ ಅಂದರು. ಜಡ್ಜ್ ಪೊಲೀಸರು ತೆಗೆದು ಕೊಟ್ಟಿದ್ದ ಫೋಟೊಗಳನ್ನು ಎತ್ತಿಕೊಂಡರು.

“ರಿಪೋರ್ಟ್ ಏನು ಹೇಳುತ್ತೆ?”

“ಸಾಧಾರಣ ಕೃಷಿ ಮಣ್ಣು ಅಂತ ಇದೆ, ಮೇಡಂ.”

“ಅದು ಫೋಟೊದಲ್ಲೇ ಕಾಣ್ತಿದೆ. ನಿಮ್ಮ ಖನಿಜದಲ್ಲಿ ಕೊತ್ತಂಬರಿ ಬೆಳೆದಿದೆಯಲ್ರೀ.”

ಬಾಗಿಲ ಹತ್ತಿರ ಕೋರ್ಟ್ ಡ್ಯೂಟಿಗೆ ನಿಂತಿದ್ದ ಕಾಂತರಾಜ್ ತಲೆಯೆತ್ತಿ ಫ್ಯಾನನ್ನು ನೋಡತೊಡಗಿದ.

“ತಾನಾಗೇ ಬಂದಿರಬೇಕು, ಮೇಡಂ,” ಅಂದರು ವಕೀಲರು.

“ಸಾಲು ಸಾಲಾಗಿ?”

ಇಡೀ ಕೋರ್ಟು ನಕ್ಕಿತು. ಸರ್ಕಾರಿ ವಕೀಲರೂ ನಕ್ಕರು. ನಗು ನಿಂತ ಮೇಲೆ ಜಡ್ಜ್ ಆದೇಶ ಹೇಳಿ ಬರೆಸಿದರು. ಒಂದು ಚೀಲದಷ್ಟು ಮಣ್ಣನ್ನು ಮಾದರಿ ಅಂತ ಸೀಲ್ ಮಾಡಿ ಇಟ್ಟುಕೊಳ್ಳುವುದು, ಉಳಿದದ್ದನ್ನು ಟ್ರಾಕ್ಟರಿನ ಜೊತೆಗೇ ಮಾಲೀಕನಿಗೆ ಕೊಡುವುದು, ಅದನ್ನು ಸಮಾಧಿಗೆ ಒಯ್ಯುವುದಕ್ಕೆ ಅಡ್ಡಿಪಡಿಸಕೂಡದು. ಕೇಸು ಅದರ ಪಾಡಿಗೆ ನಡೆಯುತ್ತದೆ, ಕರೆದಾಗ ಬರಬೇಕು. ಆಮೇಲೆ ಅಮ್ಮಾಜಮ್ಮನನ್ನು ನೋಡಿ, “ಜಾಮೀನು ಒಪ್ಪಿದೆ, ಹೋಗಿ ಬನ್ನಿ ತಾಯಿ” ಅಂದರು.

ಹೊರಗೆ ಬಂದ ಮೇಲೆ ಆಂಜಿನಪ್ಪ ಯಾರಿಗೆ ಮೊದಲು ಕೈ ಮುಗಿಯಬೇಕು ಅಂತ ತಿಳಿಯದೆ ಕೋರ್ಟಿನ ಕಟ್ಟಡಕ್ಕೇ ಒಂದು ಸಲ ಮುಗಿದ. ರಾಧ, “ನನ್ನ ಪಾಠ ಕೇಳಿದ್ರೆ ಕೆಟ್ಟು ಹೋಗ್ತಿತ್ತು ಅಮ್ಮ” ಅಂತ ಅಮ್ಮಾಜಮ್ಮನ ಕೈಯನ್ನು ಕಣ್ಣಿಗೊತ್ತಿಕೊಂಡಳು.

ಸ್ಟೇಷನ್ನಿನಲ್ಲಿ ಕಾಗದಪತ್ರ ಮುಗಿಯುವಷ್ಟರಲ್ಲಿ ಮೂರು ಗಂಟೆ. ಕಾಂತರಾಜ್ ತಾನೇ ಬ್ಯಾಟರಿ ಹೊತ್ತು ತಂದು ಕೂರಿಸಿದ. ಕೊತ್ತಂಬರಿಯನ್ನು ಬೇರು ಸಮೇತ ಕಿತ್ತು, ಬೇರಿನ ಮಣ್ಣನ್ನು ಟ್ರೈಲರಿಗೇ ಜಾಡಿಸಿ ಉದುರಿಸಿ, ದೊಡ್ಡದೊಂದು ಕಟ್ಟು ಕಟ್ಟಿ ಅಮ್ಮಾಜಮ್ಮನ ಕೈಗಿಟ್ಟ.

“ನಿಮ್ ಮಣ್ಣಲ್ಲಿ ಬೆಳೆದಿದ್ದು ತಾಯಿ, ನಿಮ್ದೇ. ತಪ್ಪು ತಿಳ್ಕಬ್ಯಾಡಿ.”

“ತಪ್ಪೇನಪ್ಪ. ಐವತ್ ದಿನ ನೀರಾಕಿದ್ದೀಯ,” ಅಂದಳು ಅಮ್ಮಾಜಮ್ಮ. “ನಮ್ಮನೇರೇ ಆಗಿದ್ರೂ ಇಷ್ಟು ನೋಡ್ಕಂತಾ ಇರ್ಲಿಲ್ಲ.”

ಟ್ರಾಕ್ಟರ್ ಮೂರನೇ ಸಲಕ್ಕೆ ಸ್ಟಾರ್ಟ್ ಆಯಿತು. ಅಮ್ಮಾಜಮ್ಮ ಮಡ್ಗಾರ್ಡಿನ ಮೇಲೆ ಕಂಬಿ ಹಿಡಿದು ಕುಳಿತಳು. ಗಣಿಯ ದೂಳು ಸುರಿದು ಎದ್ದ ಸೈನೈಡ್ ಗುಡ್ಡದ ಮಗ್ಗುಲಲ್ಲೇ ಹಾದು ಕೋರಮಂಡಲ್ಲಿನ ಮಸಣದ ಹತ್ತಿರ ಆಂಜಿನಪ್ಪ ಗಾಡಿ ನಿಲ್ಲಿಸಿದ. ಮುನಿಸ್ವಾಮಪ್ಪನ ಗುಡ್ಡೆ ಬಿಳಿಯ ಬೂದಿಯ ಹಾಗೆ ಕುಸಿದು ಕುಳಿತಿತ್ತು, ಮಳೆ ಹೊಡೆದಲ್ಲೆಲ್ಲ ಗೀರು ಬಿದ್ದಿತ್ತು.

ಆಂಜಿನಪ್ಪ ಚಪ್ಪಲಿ ಬಿಟ್ಟ. ಸನಿಕೆಯನ್ನು ಟ್ರೈಲರಿನಲ್ಲೇ ಬಿಟ್ಟ. ಮೊದಲು ಮೂರು ಹಿಡಿ ಕೈಯಲ್ಲೇ ಹಾಕಿದ, ಅವತ್ತು ಎಲ್ಲರೂ ಹಾಕಿದ ಹಾಗೆ. ಆಮೇಲೆ ಬಾಂಡ್ಲಿಗೆ ಬರಿಗೈಯಲ್ಲೇ ತುಂಬಿ ತುಂಬಿ ತಂದು ಸುರಿದ. ಬಿಳಿ ಗುಡ್ಡೆ ಕಾಲಿನ ಕಡೆಯಿಂದ ಕೆಂಪಾಗುತ್ತ ಬಂತು. ಎರಡು ಗಂಟೆ ಹಿಡಿಯಿತು. ತಲೆಯ ಕಡೆಗೆ ಬಂದಾಗ ಅವನ ಕೈ ನಿಧಾನವಾಯಿತು, ಮುಖಕ್ಕೆ ನೋವಾಗದ ಹಾಗೆ ಮಣ್ಣನ್ನು ಬೆರಳುಗಳ ನಡುವಿನಿಂದ ಉದುರಿಸಿದ.

“ಅಣ್ಣ, ನೀ ಕೊಟ್ಟಿದ್ದು ಮೂವತ್ತೈದು ವರ್ಷ ಉಂಡಿವ್ನಿ,” ಅಂದ. ಇನ್ನೂ ಏನೇನೋ ಹೇಳಬೇಕಿತ್ತು, ಬಾಯಿಗೆ ಬಂದದ್ದು ಅಷ್ಟೇ.

ಅಮ್ಮಾಜಮ್ಮ ತಲೆಯ ಕಡೆ ಕುಳಿತು, ಕೊತ್ತಂಬರಿ ಕಟ್ಟಿನಿಂದ ಎರಡು ಎಳೆ ತೆಗೆದು ಕೆಂಪು ಮಣ್ಣಿಗೆ ನೆಟ್ಟಳು. “ಬಂದ ನೋಡಿ,” ಅಂದಳು ಗಂಡನಿಗೆ. “ದಿನಾ ಗೇಟ್ ಕಡೆ ನೋಡ್ತಿದ್ರಲ್ಲ. ಇನ್ ಆರಾಮಾಗಿ ಮಲ್ಗಿ.”

ಹೊತ್ತು ಮುಳುಗುವ ವೇಳೆಗೆ ಖಾಲಿ ಟ್ರೈಲರ್ ದಡದಡ ಸದ್ದು ಮಾಡುತ್ತ ಊರಿಗೆ ಬಂತು. ಕಲಾ ಡೈರಿಗೆ ಹಾಲು ಹಾಕಿ ಆಗಷ್ಟೇ ಬಂದಿದ್ದಳು. ಟ್ರಾಕ್ಟರ್ ಕಂಡು ಅವಳ ಮುಖವೆಲ್ಲ ಬೆಳಕಾಯಿತು. ಆರತಿ ತಟ್ಟೆ ತರಲು ಒಳಗೆ ತಿರುಗಿದವಳು ಗಂಡ ಹೊಸಿಲ ಹೊರಗೇ ನಿಂತಿರುವುದನ್ನು ಕಂಡು ನಿಂತಳು.

“ಮೂರು ಗಂಟೆಗೇ ಬಿಟ್ರಂತೆ. ಇಷ್ಟೊತ್ತು ಎಲ್ಲೋಗಿದ್ದೆ?”

ಆಂಜಿನಪ್ಪ ತನ್ನ ಕೈಗಳನ್ನು ನೋಡಿಕೊಂಡ. ಉಗುರಿನ ಸಂದಿಯಲ್ಲೆಲ್ಲ ಕೆಂಪು.

“ಮಣ್ಣಿಗೆ,” ಅಂದ.

ಕಲಾ ಆರತಿಯ ಯೋಚನೆ ಬಿಟ್ಟು, ಬಚ್ಚಲ ಹಂಡೆಯಿಂದ ಬಿಸಿನೀರು ತೋಡಿ ತಂದು, ಮಣ್ಣಿಗೆ ಹೋಗಿ ಬಂದವರಿಗೆ ಇಡುವ ಹಾಗೆ ಬಾಗಿಲಾಚೆ ಇಟ್ಟಳು.